ನಾಲೆಗೆ ಇಳಿದ ಡೀಸೆಲ್: ಒಂದು ಟ್ಯಾಂಕರ್ ಅಪಘಾತ, ತಡವಾಗಿ ತಲುಪಿದ ಸುದ್ದಿ

ಮಂಡ್ಯ ಜಿಲ್ಲೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಅಚ್ಚುಕಟ್ಟಿನಲ್ಲಿ, ಆಗಸ್ಟ್ ತಿಂಗಳ ಒಂದು ಬೆಳಗ್ಗೆ 5:40ರ ಹೊತ್ತಿಗೆ, ವಿತರಣಾ ನಾಲೆಯ ಪಕ್ಕದ ರಸ್ತೆಯ ತಿರುವಿನಲ್ಲಿ ಡೀಸೆಲ್ ಟ್ಯಾಂಕರ್ ಮಗುಚಿ ಬಿತ್ತು. ತಲಾ 4,000 ಲೀಟರಿನ ಮೂರು ಕೋಣೆಗಳ, ಒಟ್ಟು 12,000 ಲೀಟರ್ ಹಿಡಿಯುವ ಗಾಡಿ ಅದು. ಚಾಲಕನಿಗೆ ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಕಿಡಿಯೂ ಹಾರಲಿಲ್ಲ. ಟ್ಯಾಂಕಿನ ಮೇಲ್ಭಾಗದ ಮುಚ್ಚಳಗಳ ಪೈಕಿ ಎರಡು ಸಡಿಲವಾಗಿ ಡೀಸೆಲ್ ರಸ್ತೆಯಂಚಿನ ಚರಂಡಿಗೆ ಸುರಿಯತೊಡಗಿತು. ಚರಂಡಿ ಕಾಲು ಗಂಟೆಯೊಳಗೆ ಅದನ್ನು ನಾಲೆಗೆ ಮುಟ್ಟಿಸಿತು.

ನಾನು ಮೈಸೂರಿನ ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಕೆಲಸ ಮಾಡಿದವನು. ಅಪಘಾತದ ನಂತರ ಲಿಖಿತ ವರದಿ ತಯಾರಿಸಲು ಸಾರಿಗೆ ಮಾಲೀಕರು ನನ್ನನ್ನು ಕರೆಸಿದರು. ಹಾಗಾಗಿ ಚಾಲಕ, ನಾಲೆಯ ನೀರು ಹಂಚುವ ನೀರುಗಂಟಿ, ನೀರಾವರಿ ಎಂಜಿನಿಯರ್, ಸಸಿಮಡಿ ಕಳೆದುಕೊಂಡ ರೈತರು ಎಲ್ಲರ ಜೊತೆ ಕುಳಿತು ಮಾತನಾಡಲು ಸಾಧ್ಯವಾಯಿತು. ಊರು, ಬಂಕ್, ಮಾಲೀಕರು, ಯಾರ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ. ಇಂಥ ತಿರುವು, ಇಂಥ ಚರಂಡಿ, ಇಂಥ ನಾಲೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಎಲ್ಲೆಲ್ಲೂ ಇವೆ. ಹೆಸರು ಹೇಳಿದರೆ ಓದುವವರು ಅದು ಆ ಒಬ್ಬರ ಕಥೆ ಎಂದುಕೊಂಡು ಸುಮ್ಮನಾಗುತ್ತಾರೆ.

ಮೊದಲ ಎರಡೂವರೆ ಗಂಟೆ

ಚಾಲಕ ಹೊರಗೆ ಬಂದವನೇ ಮಾಲೀಕರಿಗೆ ಫೋನ್ ಮಾಡಿದ. ಆಗ ಸಮಯ 5:50. "ಅಣ್ಣ, ಗಾಡಿ ಮಗುಚಿದೆ. ಎಣ್ಣೆ ಸೋರುತ್ತಿದೆ" ಎಂದ. ಮಾಲೀಕರು ಕೇಳಿದ್ದು ಎರಡೇ ಪ್ರಶ್ನೆ: "ನಿನಗೇನೂ ಆಗಿಲ್ಲ ತಾನೆ? ಬೆಂಕಿ ಹತ್ತಿದೆಯೇ?" ಎರಡಕ್ಕೂ ಇಲ್ಲ ಎಂಬ ಉತ್ತರ ಬಂದಾಗ ಅವರಿಗೆ ಜೀವ ಬಂದಂತಾಯಿತು. "ಹಾಗಾದರೆ ಯಾರಿಗೂ ಹೇಳಬೇಡ. ಕ್ರೇನ್ ಕಳಿಸುತ್ತೇನೆ, ಎತ್ತಿಕೊಂಡು ಬರೋಣ" ಎಂದರು. ನಂತರ ಅವರು ಫೋನ್ ಮಾಡಿದ್ದು ಬಂಕಿನವರಿಗೆ, ಲೋಡ್ ತಡವಾಗುತ್ತದೆ ಎಂದು ತಿಳಿಸಲು.

ಆರೂವರೆಯ ಹೊತ್ತಿಗೆ ಸುತ್ತಲಿನ ಜನ ಕೊಡ, ಕ್ಯಾನ್ ಹಿಡಿದು ಬಂದರು. ಒಬ್ಬ ಬೀಡಿ ಹಚ್ಚಿಕೊಂಡೇ ಬಂದಿದ್ದ, ಚಾಲಕ ಕೂಗಾಡಿ ಅವನನ್ನು ದೂರ ಕಳಿಸಿದ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಇಂದಿನ ಡೀಸೆಲ್‌ನ ಜ್ವಲನ ಬಿಂದುವಿಗೆ, ಅಂದರೆ ಕಿಡಿ ತಾಗಿದರೆ ಅದರ ಆವಿ ಹೊತ್ತಿಕೊಳ್ಳುವ ಉಷ್ಣತೆಗೆ, ಮಾನಕದಲ್ಲಿ ನಿಗದಿಯಾಗಿರುವ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ಬಿಸಿಯಾದ ಎಂಜಿನ್ ಪಕ್ಕದಲ್ಲೇ ಇರುವಾಗ ಆ ಮಿತಿಯನ್ನು ನಂಬಿ ನಿಲ್ಲುವಂತಿಲ್ಲ.

7:15ಕ್ಕೆ, ಅಲ್ಲಿಂದ ಸುಮಾರು ಎರಡೂವರೆ ಕಿಲೋಮೀಟರ್ ಕೆಳಗೆ, ನಾಲೆಯ ಏರಿಯ ಮೇಲೆ ಬರುತ್ತಿದ್ದ ನೀರುಗಂಟಿಗೆ ವಾಸನೆ ಬಡಿಯಿತು. ಬಗ್ಗಿ ನೋಡಿದರೆ ನೀರಿನ ಮೇಲೆ ಬಣ್ಣಬಣ್ಣದ ಪದರ ಹೊಳೆಯುತ್ತಿತ್ತು. ತೂಬು ಮುಚ್ಚಬೇಕೆಂದು ಆತನಿಗೆ ಆ ಕ್ಷಣವೇ ಅನಿಸಿತಂತೆ. ಆದರೂ ತಕ್ಷಣ ಮುಚ್ಚಲಿಲ್ಲ. ಇದನ್ನು ಹೊರಗಿನವರು ಆತನ ಅಸಡ್ಡೆ ಎಂದುಕೊಳ್ಳಬಹುದು. ಅದು ಕಟ್ಟು ನೀರಿನ ಸಮಯ. ನಾಲೆಗೆ ಸರದಿಯ ಪ್ರಕಾರ ನೀರು ಬಿಟ್ಟಿರುವಾಗ, ಒಂದು ಊರಿನ ಪಾಳಿಯ ನಡುವೆ ತೂಬು ಮುಚ್ಚಿದರೆ ಏನಾಗುತ್ತದೆ ಎಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನಿಂದ ಒಂದು ಮಾತು ಬಾರದೆ ನೀರು ನಿಲ್ಲಿಸುವ ಧೈರ್ಯ ಯಾವ ನೀರುಗಂಟಿಗೂ ಇರುವುದಿಲ್ಲ. ಅವನು ಮೇಲಕ್ಕೆ ನಡೆದು ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದ, ಸಿಗಲಿಲ್ಲ. ಏಳೂವರೆಗೆ ಎಂಜಿನಿಯರಿಗೆ ಫೋನ್ ಮಾಡಿದ: "ಸಾರ್, ನಾಲೆಯಲ್ಲಿ ಎಣ್ಣೆ ಬರುತ್ತಿದೆ. ಡೀಸೆಲ್ ವಾಸನೆ. ತೂಬು ಮುಚ್ಚಲೇ?"

ಎಂಜಿನಿಯರ್ "ಮುಚ್ಚಿ" ಎಂದರು. 112ಕ್ಕೂ ಅವರೇ ಕರೆ ಮಾಡಿದರು. 7:50ಕ್ಕೆ ಪೊಲೀಸರು, 8:05ಕ್ಕೆ ಅಗ್ನಿಶಾಮಕ ವಾಹನ ಬಂದವು. 8:20ಕ್ಕೆ ವಿತರಣಾ ನಾಲೆಯ ತಲೆಬಾಗಿಲು, ಅಂದರೆ ನಾಲೆಗೆ ನೀರು ಬಿಡುವ ಮುಖ್ಯ ಗೇಟು, ಇಳಿಯಿತು. ಅಷ್ಟರೊಳಗೆ ಊರ ಹುಡುಗರು ಓಡಾಡಿ ಕೆಳಗಿನ ತೂಬುಗಳನ್ನು ಮುಚ್ಚಿದ್ದರು.

ಈ ಪ್ರಕರಣದ ತಿರುಳು ಇರುವುದು ಈ ಗಡಿಯಾರದಲ್ಲೇ. ಆ ನಾಲೆಯಲ್ಲಿ ನೀರು ಆ ದಿನ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಹರಿಯುತ್ತಿತ್ತು, ಅಂದರೆ ಗಂಟೆಗೆ 1.8 ಕಿಲೋಮೀಟರ್. ಎಂಜಿನಿಯರಿಗೆ ಸುದ್ದಿ ಮುಟ್ಟಿದ್ದರಿಂದ ತಲೆಬಾಗಿಲು ಇಳಿಯುವವರೆಗೆ ಹಿಡಿದದ್ದು 50 ನಿಮಿಷ. ಚಾಲಕ 5:50ಕ್ಕೇ ಪೊಲೀಸರಿಗೆ ಹೇಳಿದ್ದು, ಅದೇ 50 ನಿಮಿಷ ಹಿಡಿದಿದ್ದರೆ, ಬಾಗಿಲು 6:40ಕ್ಕೆ ಇಳಿಯುತ್ತಿತ್ತು. ಆಗ ಎಣ್ಣೆ ಒಂದೂಕಾಲು ಒಂದೂವರೆ ಕಿಲೋಮೀಟರಿಗಿಂತ ಮುಂದೆ ಹೋಗಿರುತ್ತಿರಲಿಲ್ಲ. ನಿಜವಾಗಿ ಅದು ನಾಲ್ಕು ಕಿಲೋಮೀಟರ್ ದಾಟಿತ್ತು. ನಡುವಿನ ಆ ಮೂರು ಕಿಲೋಮೀಟರಿನಲ್ಲಿ ಏಳು ತೂಬುಗಳಿದ್ದವು. ಅವುಗಳ ಕೆಳಗೆ ನಾಟಿಗೆ ಸಿದ್ಧವಾಗಿದ್ದ ಭತ್ತದ ಒಟ್ಲುಗಳು, ಅಂದರೆ ಸಸಿಮಡಿಗಳು, ಇದ್ದವು. ಸುಟ್ಟುಹೋದದ್ದು ಏನೂ ಇಲ್ಲ ಎಂದು ಮಾಲೀಕರು ನೆಮ್ಮದಿಯಿಂದ ಕ್ರೇನ್ ಹುಡುಕುತ್ತಿದ್ದ ಹೊತ್ತಿನಲ್ಲೇ ಆ ಮಡಿಗಳಿಗೆ ಡೀಸೆಲ್ ನುಗ್ಗುತ್ತಿತ್ತು.

"ಬೆಂಕಿ ಇಲ್ಲ, ಗಾಯ ಇಲ್ಲ, ವರದಿ ಯಾಕೆ?"

ಮಾಲೀಕರು ಇದನ್ನು ನನ್ನೆದುರೂ ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ. ಈ ನಂಬಿಕೆ ಎಲ್ಲಿಂದ ಬಂತು ಎಂದು ನೋಡಿದರೆ ಅದಕ್ಕೊಂದು ಮೂಲವೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ 27ನೇ ಕಲಂ ಅಪಘಾತದ ಮಾಹಿತಿಯನ್ನು ನಾಗಪುರದಲ್ಲಿರುವ ಸ್ಫೋಟಕಗಳ ಮುಖ್ಯ ನಿಯಂತ್ರಕರಿಗೂ, ಹತ್ತಿರದ ಮ್ಯಾಜಿಸ್ಟ್ರೇಟ್ ಅಥವಾ ಪೊಲೀಸ್ ಠಾಣೆಗೂ ಕೊಡಬೇಕು ಎನ್ನುತ್ತದೆ. ಆದರೆ ಅದು ಹೆಸರಿಸುವುದು ಬೆಂಕಿ ಅಥವಾ ಸ್ಫೋಟದ ಅಪಘಾತವನ್ನು, ಅದರಿಂದಾಗುವ ಜೀವಹಾನಿಯನ್ನು, ವ್ಯಕ್ತಿಗೆ ಅಥವಾ ಆಸ್ತಿಗೆ ಆಗುವ ಗಂಭೀರ ಹಾನಿಯನ್ನು. ಇಂಧನದ ವ್ಯವಹಾರದಲ್ಲಿ ಬೆಳೆದವರು ಈ ಒಂದು ಕಾಯ್ದೆಯನ್ನೇ ಕೇಳಿ ಬೆಳೆದಿರುತ್ತಾರೆ. ಅನುಮಾನವಿದ್ದಾಗ ತಿಳಿಸಿಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಆ ಪ್ರಶ್ನೆಯನ್ನು ಬದಿಗಿಟ್ಟರೂ ಚಾಲಕನ ಕರ್ತವ್ಯ ಸ್ಪಷ್ಟವಾಗಿಯೇ ಇತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 136ನೇ ನಿಯಮ ಅವನಿಗಾಗಿಯೇ ಬರೆದದ್ದು: ಅಪಾಯಕಾರಿ ಸರಕು ಸಾಗಿಸುವ ವಾಹನ ಆ ಸರಕಿಗೆ ಸಂಬಂಧಿಸಿದ ಅಪಘಾತಕ್ಕೆ ಸಿಕ್ಕರೆ ಚಾಲಕ ಕೂಡಲೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು, ವಾಹನದ ಮಾಲೀಕರಿಗೂ ತಿಳಿಸಬೇಕು. ಎಷ್ಟು ಲೀಟರ್ ಚೆಲ್ಲಿತು, ಬೆಂಕಿ ಹತ್ತಿತೋ ಇಲ್ಲವೋ ಎಂಬ ಷರತ್ತೇ ಅಲ್ಲಿಲ್ಲ. ಎರಡು ಕರೆಗಳ ಪೈಕಿ ಅವನು ಮಾಡಿದ್ದು ಒಂದನ್ನು ಮಾತ್ರ. ಇನ್ನೊಂದನ್ನು ಮಾಡಬೇಡ ಎಂದು ಮಾಲೀಕರೇ ತಡೆದರು. ಸಂಬಳ ಕೊಡುವವರ ಮಾತು ಮೀರಿ 112 ಒತ್ತು ಎಂದು ಚಾಲಕನಿಗೆ ನಾವು ಹೇಳುವುದು ಸುಲಭ, ಅವನಿಗೆ ಅದು ಕಷ್ಟ. ಆದ್ದರಿಂದ ಇದರ ಹೊಣೆಯನ್ನು ನಾನು ಚಾಲಕನ ಮೇಲೆ ಹೊರಿಸಲಾರೆ.

ಟ್ಯಾಂಕರಿನ ಹಿಂಬದಿಯ ಫಲಕವೂ ಆ ದಿನ ಎಲ್ಲರ ಕಣ್ಣೆದುರಿಗೇ ಇತ್ತು. ಅಪಾಯಕಾರಿ ಸರಕಿನ ವಾಹನಗಳ ಮೇಲೆ ಇಂಥ ಫಲಕವಿರಬೇಕು ಎಂಬುದು ಅದೇ ಮೋಟಾರು ವಾಹನ ನಿಯಮಗಳ ಕಟ್ಟಳೆ. ಅದರಲ್ಲಿ 1202 ಎಂದಿದ್ದರೆ ಡೀಸೆಲ್, 1203 ಎಂದಿದ್ದರೆ ಪೆಟ್ರೋಲ್. ವಿಶ್ವಸಂಸ್ಥೆಯ ಪಟ್ಟಿಯ ಈ ಅಂಕಿಗಳು ಜಗತ್ತಿನಲ್ಲೆಲ್ಲ ಒಂದೇ. ಅದರ ಜೊತೆಗೆ ತುರ್ತು ಕ್ರಮದ ಒಂದು ಸಂಕೇತವೂ ಇರುತ್ತದೆ. ಆ ಸಂಕೇತದಲ್ಲಿ ಅಂಕಿ 3 ಇದ್ದರೆ ನೊರೆ ಬಳಸಿ ಎಂದು ಅರ್ಥ. ಡಬ್ಲ್ಯು, ಎಕ್ಸ್, ವೈ, ಝಡ್ ಅಕ್ಷರಗಳಲ್ಲಿ ಯಾವುದಿದ್ದರೂ ಚೆಲ್ಲಿದ್ದನ್ನು ಅಲ್ಲೇ ತಡೆದು ನಿಲ್ಲಿಸಿ, ಚರಂಡಿಗೂ ನೀರಿಗೂ ಬಿಡಬೇಡಿ ಎಂದು ಅರ್ಥ. ಪೊಲೀಸರಿಗೆ ಆ ನಾಲ್ಕು ಅಂಕಿಗಳನ್ನು ಓದಿ ಹೇಳಿದರೂ ಸಾಕಾಗಿತ್ತು, ಉಳಿದದ್ದು ಅಗ್ನಿಶಾಮಕದವರಿಗೆ ಗೊತ್ತಾಗುತ್ತಿತ್ತು. ಕ್ಯಾನ್ ಹಿಡಿದು ಬಂದವರು ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ಕ್ರೇನಿನ ಜೊತೆ ಬಂದ ಹುಡುಗರಂತೂ ರಸ್ತೆ ಜಾರುತ್ತದೆ ಎಂದು ನೀರು ಹಾಯಿಸಿ ತೊಳೆಯಲು ಹೊರಟಿದ್ದರು. ಅಗ್ನಿಶಾಮಕ ಸಿಬ್ಬಂದಿ ತಡೆಯದಿದ್ದರೆ ರಸ್ತೆಯ ಮೇಲೆ ಉಳಿದಿದ್ದ ಡೀಸೆಲ್ ಕೂಡ ನಾಲೆಗೇ ಸೇರುತ್ತಿತ್ತು. ಮರಳು, ಮಣ್ಣು ಹಾಕಿ ಹೀರಿಸಿ ಬಾಚಿ ತೆಗೆಯುವುದೇ ಅಲ್ಲಿ ಮಾಡಬೇಕಾದ ಕೆಲಸ.

ಇನ್ನು ಮಾಲೀಕರ ಕರ್ತವ್ಯ. ಭೋಪಾಲ ದುರಂತದ ನಂತರ ಬಂದ 1986ರ ಪರಿಸರ (ಸಂರಕ್ಷಣೆ) ಕಾಯ್ದೆಯ 9ನೇ ಕಲಂ ಹೇಳುವುದು ಇಷ್ಟು: ಅಪಘಾತದಿಂದ ಮಾಲಿನ್ಯಕಾರಕ ವಸ್ತು ನಿಗದಿತ ಮಿತಿ ಮೀರಿ ಹೊರಬಿದ್ದರೆ, ಅಥವಾ ಹೊರಬೀಳುವ ಸಂಭವವಿದ್ದರೆ, ಅದಕ್ಕೆ ಹೊಣೆಯಾದವರು ಮತ್ತು ಆ ಸ್ಥಳದ ಉಸ್ತುವಾರಿ ಹೊತ್ತವರು ಅದನ್ನು ತಡೆಯಬೇಕು, ತಗ್ಗಿಸಬೇಕು, ಕೂಡಲೇ ತಿಳಿಸಬೇಕು. ಯಾರಿಗೆ ಎಂಬುದು ಅದೇ ವರ್ಷದ ನಿಯಮಗಳ 12ನೇ ನಿಯಮದಲ್ಲಿದೆ. ಜಿಲ್ಲೆಯ ತುರ್ತು ಪರಿಹಾರ ಕಾರ್ಯದ ಉಸ್ತುವಾರಿ ಅಧಿಕಾರಿಗೆ ಹೇಳಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಗೂ ಅದರ ಪ್ರಾದೇಶಿಕ ಅಧಿಕಾರಿಗೂ ಹೇಳಬೇಕು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳು ಮೈಸೂರು, ಮಂಡ್ಯ ಎರಡು ಕಡೆಯೂ ಇವೆ.

ಮಿತಿ ಎಂದರೆ ಎಷ್ಟು ಎಂಬ ಪ್ರಶ್ನೆ ಸಹಜ. ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂದು ಪರಿಸರ ನಿಯಮಗಳ ಅನುಸೂಚಿ ಹೇಳುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಲೆಕ್ಕ ಹಾಕಿದರೆ ಒಂದೇ ಒಂದು ಲೀಟರ್ 83,000 ಲೀಟರ್ ನೀರನ್ನು ಆ ಮಿತಿಗೆ ಒಯ್ಯಬಲ್ಲದು. ನಾಲೆಗೆ ಸಾವಿರಾರು ಲೀಟರ್ ಇಳಿಯುತ್ತಿರುವಾಗ ಮಿತಿ ಮೀರಿದೆಯೇ ಎಂದು ಪ್ರಯೋಗಾಲಯದ ವರದಿಗೆ ಕಾಯುವ ಅಗತ್ಯವೇ ಇಲ್ಲ.

ಅಮೆರಿಕದವರು ಈ ಗೊಂದಲಕ್ಕೆ ಆಸ್ಪದ ಕೊಡದ ಒಂದು ಅಳತೆ ಇಟ್ಟುಕೊಂಡಿದ್ದಾರೆ. ಅಲ್ಲಿನ ಶುದ್ಧ ಜಲ ಕಾಯ್ದೆಯಡಿ ನೀರಿನ ಮೇಲೆ ಎಣ್ಣೆಯ ಹೊಳಪು ಕಣ್ಣಿಗೆ ಕಂಡರೆ ಸಾಕು, ಲೀಟರಿನ ಲೆಕ್ಕವಿಲ್ಲದೆ ರಾಷ್ಟ್ರೀಯ ಸ್ಪಂದನ ಕೇಂದ್ರಕ್ಕೆ ತಿಳಿಸಬೇಕು. ಆ ಕೇಂದ್ರ ಹಗಲೂ ರಾತ್ರಿಯೂ ಫೋನ್ ಎತ್ತುತ್ತದೆ. ನಮ್ಮ ನೀರುಗಂಟಿ ನಾಲೆಯಲ್ಲಿ ಕಂಡದ್ದು ಆ ಹೊಳಪನ್ನೇ. ಇಂಥ ನಿಯಮ ನಮಗೂ ಬರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಉಪಕರಣವಿಲ್ಲದ ಚಾಲಕನೂ ರೈತನೂ ಅದನ್ನು ಪಾಲಿಸಬಲ್ಲರು.

1974ರ ಜಲ ಕಾಯ್ದೆಯ 31ನೇ ಕಲಂ ಕೂಡ ಇಂಥದೇ ಕರ್ತವ್ಯವನ್ನು ವಿಧಿಸುತ್ತದೆ, ಆದರೆ ಉದ್ಯಮವೋ ಪ್ರಕ್ರಿಯೆಯೋ ನಡೆಯುವ ಸ್ಥಳದ ಉಸ್ತುವಾರಿ ಹೊತ್ತವರಿಗೆ. ರಸ್ತೆಯ ಮೇಲಿನ ಟ್ಯಾಂಕರಿಗೆ ಅದು ಎಷ್ಟು ಅನ್ವಯಿಸುತ್ತದೆ ಎಂದು ವಕೀಲರು ವಾದಿಸಬಹುದು. ಕಾರ್ಖಾನೆಯ ಎಣ್ಣೆ ತೊಟ್ಟಿ ಒಡೆದರೆ ಆ ವಾದಕ್ಕೆ ಜಾಗವಿಲ್ಲ. ನಾಲೆ ಮನುಷ್ಯ ಕಟ್ಟಿದ್ದು, ನದಿಯಲ್ಲ ಎಂಬ ಮಾತೂ ಈ ಪ್ರಕರಣದಲ್ಲಿ ಬಂತು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಕೃತಕ ಜಲಮೂಲವೂ, ಸದ್ಯಕ್ಕೆ ಒಣಗಿರುವ ಹರಿವೂ, ಅಂತರ್ಜಲವೂ ಸೇರಿವೆ. ನೀರು ನಿಲ್ಲಿಸಿರುವ ತಿಂಗಳಲ್ಲಿ ಒಣ ನಾಲೆಗೆ ಚೆಲ್ಲಿದರೂ ಉತ್ತರ ಬೇರೆಯಾಗುವುದಿಲ್ಲ.

"ಇನ್ನೂರು ಲೀಟರ್ ಇರಬಹುದು"

ನನ್ನ ದೃಷ್ಟಿಯಲ್ಲಿ ತಡವಾದ ಸುದ್ದಿಗಿಂತಲೂ ಹೆಚ್ಚು ಹಾನಿ ಮಾಡಿದ್ದು ಈ ಮಾತು. ಎಂಟು ಗಂಟೆಗೆ ಸ್ಥಳಕ್ಕೆ ಬಂದ ಮಾಲೀಕರ ಕಡೆಯವರೊಬ್ಬರು ಪೊಲೀಸರಿಗೆ ಹಾಗೆಂದರು. ಅಳೆದು ಹೇಳಿದ್ದಲ್ಲ, ವಿಷಯ ಸಣ್ಣದು ಎನಿಸಲಿ ಎಂದು ಹೇಳಿದ್ದು. ಆ ಅಂಕಿ ಪೊಲೀಸರಿಂದ ಎಂಜಿನಿಯರಿಗೆ, ಅಲ್ಲಿಂದ ಒಂಬತ್ತೂವರೆಗೆ ಮಂಡಳಿಯ ಅಧಿಕಾರಿಗೆ ಹೋಯಿತು. ಇನ್ನೂರು ಲೀಟರಿಗೆ ಒಂದು ಅಡ್ಡಗಟ್ಟೆ ಸಾಕೆಂದು ಎಲ್ಲರೂ ಒಪ್ಪಿದರು. ಭತ್ತದ ಹುಲ್ಲಿನ ಹೊರೆಗಳನ್ನು ಗೋಣಿಚೀಲಕ್ಕೆ ತುಂಬಿ ನಾಲೆಗೆ ಅಡ್ಡಲಾಗಿ ಒಂದು ಕಡೆ ಕಟ್ಟಿದರು. ಹುಲ್ಲು ಎಣ್ಣೆಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನೆನೆದು ತುಂಬಿದ ಮೇಲೆ ಬಿಟ್ಟುಬಿಡುತ್ತದೆ.

ಮಧ್ಯಾಹ್ನ ಉಳಿದ ಡೀಸೆಲನ್ನು ಇನ್ನೊಂದು ಟ್ಯಾಂಕರಿಗೆ ವರ್ಗಾಯಿಸಿ ಅಳೆದಾಗ ಸಿಕ್ಕಿದ್ದು 9,200 ಲೀಟರ್. ಹೋದದ್ದು 2,800. ಆ ಹೊತ್ತಿಗೆ ಹುಲ್ಲಿನ ತಡೆ ತುಂಬಿ ಎಣ್ಣೆ ಅದನ್ನು ದಾಟಿತ್ತು. ಆಮೇಲೆ ಕೆಳಗೆ ಮಣ್ಣಿನ ಒಡ್ಡು ಹಾಕಿ, ಅದರ ತಳದಲ್ಲಿ ಪೈಪನ್ನು ಓರೆಯಾಗಿ ಇಟ್ಟರು. ಡೀಸೆಲ್ ನೀರಿಗಿಂತ ಹಗುರ. ಪೈಪಿನ ಬಾಯಿ ನೀರಿನ ಮಟ್ಟದ ಕೆಳಗಿದ್ದರೆ ನೀರು ತಳದಿಂದ ಹರಿದುಹೋಗುತ್ತದೆ, ಎಣ್ಣೆ ಒಡ್ಡಿನ ಹಿಂದೆ ಮೇಲೆಯೇ ನಿಲ್ಲುತ್ತದೆ. ನಿಂತದ್ದನ್ನು ಬಕೆಟ್ಟಿನಿಂದ ತೋಡಿ ಡ್ರಮ್ಮಿಗೆ ತುಂಬಿದರು. ಗಟ್ಟಿ ಕೆಲಸ ಅದು. ಬೆಳಗ್ಗೆ ನಿಜವಾದ ಅಂಕಿ ತಿಳಿದಿದ್ದರೆ ಎಂಟೂವರೆಗೇ ಅದನ್ನು ಮಾಡಬಹುದಿತ್ತು.

ಮೊದಲ ಸುದ್ದಿಯಲ್ಲಿ ಪ್ರಮಾಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಟ್ಯಾಂಕಿನ ಒಟ್ಟು ಲೋಡ್ ಎಷ್ಟು, ಎಷ್ಟು ಕೋಣೆಗಳು ಸೋರುತ್ತಿವೆ ಎಂದು ಹೇಳಿದರೆ ಎದುರಿನವರು ಅತಿ ಹೆಚ್ಚಿನ ಅಂದಾಜಿಗೆ ಸಿದ್ಧರಾಗುತ್ತಾರೆ. ಈ ಪ್ರಕರಣದಲ್ಲಿ ಆ ಅಂದಾಜು 8,000 ಲೀಟರ್ ಆಗುತ್ತಿತ್ತು. ಅಧಿಕವಾದರೂ ಅಡ್ಡಿಯಿಲ್ಲ, ಎರಡನೆಯ ಒಡ್ಡನ್ನು ಮುಂಚೆಯೇ ಹಾಕುತ್ತಿದ್ದರು. ನಂತರ ಅಳತೆ ಸಿಕ್ಕಂತೆ ತಿದ್ದಿದ ಅಂಕಿಯನ್ನು ಅದೇ ಕಚೇರಿಗಳಿಗೆ ಮತ್ತೆ ತಿಳಿಸಬೇಕು.

ಕಾಗದದ ಕೆಲಸ

ಸಂಜೆಗೆ ಹೊಸ ಸಮಸ್ಯೆ ಎದುರಾಯಿತು: ಎಣ್ಣೆ ಹೀರಿದ ಹುಲ್ಲು, ಮಣ್ಣು ಏನು ಮಾಡುವುದು? ಗದ್ದೆಯ ಬದುವಿನಲ್ಲೇ ಸುಟ್ಟುಬಿಡೋಣ ಎಂದವರಿದ್ದರು. ಎಣ್ಣೆಯಿರುವ ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಹಾಗಾಗಿ ಟಾರ್ಪಾಲ್ ಹಾಸಿ, ಮೇಲೂ ಹೊದಿಸಿ, ಮಳೆ ತಾಗದಂತೆ ಇಟ್ಟು, ಮಂಡಳಿಯ ಸೂಚನೆಯಂತೆ 10ನೇ ನಮೂನೆಯ ರವಾನೆ ಪತ್ರದ ಜೊತೆ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಕಳಿಸಿದರು. ಇಂಥ ತ್ಯಾಜ್ಯವನ್ನು ಸಾಗಿಸುವಾಗಲೇ ಅಪಘಾತವಾದರೆ ಮಂಡಳಿಗೆ ತಕ್ಷಣ ಫೋನ್ ಅಥವಾ ಇ-ಮೇಲ್ ಮೂಲಕ ತಿಳಿಸಿ, ನಂತರ 11ನೇ ನಮೂನೆಯಲ್ಲಿ ವರದಿ ಕೊಡಬೇಕು.

ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡಿನ ಕಡೆಯ ಕಾರ್ಖಾನೆಯವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು ಅನ್ವಯಿಸುವ ಘಟಕದಲ್ಲಿ ದೊಡ್ಡ ಅಪಘಾತವಾದರೆ 48 ಗಂಟೆಯೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದಿದೆ. ಆ 48 ಗಂಟೆಯನ್ನು ಕಾಯಲು ಸಿಕ್ಕ ಅವಕಾಶ ಎಂದು ತಿಳಿದವರನ್ನು ನಾನು ಕಂಡಿದ್ದೇನೆ. ಪರಿಸರ ಕಾಯ್ದೆಯ ಕರ್ತವ್ಯ ಅದರ ಜೊತೆಗೇ ಇದೆ, ಅದಕ್ಕೆ ಗಂಟೆಗಳ ರಿಯಾಯಿತಿ ಇಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ನೋಡಿ. ಅದು ಹೊತ್ತಿಕೊಳ್ಳುವುದಿಲ್ಲ, ಮುಟ್ಟಿದವರ ಕೈ ಸುಡುವುದಿಲ್ಲ. ಆದರೆ ಕೆರೆಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುವ ಭರದಲ್ಲಿ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನುಗಳು ಸಾಯುತ್ತವೆ. ಅದನ್ನೂ ತಿಳಿಸಬೇಕಾದದ್ದೇ.

ವಿಳಂಬಕ್ಕೆ ಶಿಕ್ಷೆಯ ವಿಷಯ. ಪರಿಸರ ಕಾಯ್ದೆಯಲ್ಲಿ ಮೊದಲು ಜೈಲು ಶಿಕ್ಷೆ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ಜೈಲಿನ ಭಯ ಹೋಯಿತು ಎಂದು ಸಾರಿಗೆಯವರಲ್ಲಿ ಕೆಲವರು ನೆಮ್ಮದಿಪಟ್ಟರು. ಈ ಮಾಲೀಕರಿಗೆ ತೊಂದರೆ ಎದುರಾದದ್ದು ಬೇರೆ ಕಡೆಯಿಂದ. ಅವರ ವಿಮಾ ಕಂಪನಿ ಕೇಳಿದ ಮೊದಲ ದಾಖಲೆ ಪೊಲೀಸರಿಗೆ ಮಾಹಿತಿ ಕೊಟ್ಟ ಸಮಯದ್ದು. ಅಲ್ಲಿದ್ದದ್ದು ಎಂಜಿನಿಯರ್ ಮಾಡಿದ ಕರೆ. ಮಾಲೀಕರ ಹೆಸರಿನಲ್ಲಿ ಒಂದು ಕರೆಯೂ ಇರಲಿಲ್ಲ.

ರೈತರ ಕಡೆಯ ಹಾದಿ ಇನ್ನೂ ಮುಗಿದಿಲ್ಲ. ಎಣ್ಣೆಯ ಪದರ ಎಳೆಯ ಸಸಿಗೆ ಮೆತ್ತಿಕೊಂಡರೆ, ಮಣ್ಣಿಗೆ ಗಾಳಿ ಹೋಗದಂತೆ ಕವಿದರೆ, ಮಡಿ ಹಳದಿಯಾಗುತ್ತದೆ. ನಾಟಿಯ ಹದ ತಪ್ಪಿದರೆ ಮತ್ತೆ ಬಿತ್ತಿ ಬೆಳೆಸಲು ನೀರಿನ ಪಾಳಿ ಕಾಯುವುದಿಲ್ಲ. ಅಪಾಯಕಾರಿ ವಸ್ತುಗಳ ಅಪಘಾತಕ್ಕೆಂದೇ ಇರುವ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿ ಪರಿಹಾರ ಕೇಳುವವರು ಯಾರ ತಪ್ಪು ಎಂದು ಸಾಬೀತುಪಡಿಸಬೇಕಿಲ್ಲ. ಅಪಘಾತ ಗಮನಕ್ಕೆ ಬಂದ ಮೇಲೆ ಜಿಲ್ಲಾಧಿಕಾರಿಗಳು ಅದನ್ನು ಪರಿಶೀಲಿಸಿ, ಪ್ರಕಟಣೆ ಹೊರಡಿಸಿ, ಅರ್ಜಿ ಕರೆಯಬೇಕು. ಐದು ವರ್ಷದೊಳಗೆ ಅರ್ಜಿ ಹಾಕಬಹುದು. ಇದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಮನಕ್ಕೆ ಬರುವುದು ಎಂದರೆ ಯಾರಾದರೂ ಲಿಖಿತವಾಗಿ ತಿಳಿಸಬೇಕು, ಆ ಪತ್ರವನ್ನು ಕೊನೆಗೆ ಬರೆದವರು ರೈತರೇ. ಮಡಿಗಳ ಫೋಟೋ, ತೂಬಿನ ಸಂಖ್ಯೆ, ಆ ದಿನದ ನೀರಿನ ಪಾಳಿಯ ದಾಖಲೆ, ಪೊಲೀಸ್ ಠಾಣೆಯ ಸ್ವೀಕೃತಿ ಪ್ರತಿ ಎಲ್ಲವನ್ನೂ ಲಗತ್ತಿಸಿದರು. ಮಡಿ ಕಳೆದುಕೊಂಡ ಒಬ್ಬ ಹೆಣ್ಣುಮಗಳು ಎಣ್ಣೆ ಬಂದ ಬೆಳಗ್ಗೆಯೇ ಮೊಬೈಲಿನಲ್ಲಿ ತೆಗೆದಿಟ್ಟ ವಿಡಿಯೋ ಉಳಿದೆಲ್ಲ ಕಾಗದಗಳಿಗಿಂತ ಹೆಚ್ಚು ಕೆಲಸಕ್ಕೆ ಬಂತು. ಅದರಲ್ಲಿ ಸಮಯವೂ ಇತ್ತು, ನೀರಿನ ಮೇಲಿನ ಹೊಳಪೂ ಇತ್ತು.

ಸಾರಿಗೆ ಮಾಲೀಕರು ಈಗ ಪ್ರತಿ ಗಾಡಿಯ ಚಾಲಕನ ಆಸನದ ಎದುರು ಕನ್ನಡದಲ್ಲಿ ಬರೆದ ಒಂದು ಹಾಳೆ ಅಂಟಿಸಿದ್ದಾರೆ. ಮೊದಲ ಸಾಲಿನಲ್ಲಿ 112, ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದರೆ 1033. ನಂತರ ಮಂಡಳಿಯ ಪ್ರಾದೇಶಿಕ ಕಚೇರಿ, ಜಿಲ್ಲಾ ತುರ್ತು ಕಾರ್ಯ ಕೇಂದ್ರ, ಆ ಮಾರ್ಗದ ನೀರಾವರಿ ಕಚೇರಿ. ಮಾಲೀಕರ ಸಂಖ್ಯೆ ಕೊನೆಯಲ್ಲಿದೆ. ನೀರಾವರಿ ಕಚೇರಿಯನ್ನು ಸೇರಿಸಿ ಎಂದು ಯಾವ ನಿಯಮದಲ್ಲೂ ಹೆಸರಿಸಿಲ್ಲ, ಅದನ್ನು ನಾನೇ ಒತ್ತಾಯಿಸಿ ಸೇರಿಸಿದೆ, ತಲೆಬಾಗಿಲು ಇಳಿಸುವ ಕೈ ಅವರದಾದ್ದರಿಂದ. ಹಾಳೆಯ ಕೆಳಗೆ ಹೇಳಬೇಕಾದ ವಿಷಯಗಳಿವೆ: ಎಲ್ಲಿ, ಎಷ್ಟು ಹೊತ್ತಿಗೆ, ಫಲಕದ ನಾಲ್ಕು ಅಂಕಿ, ಒಟ್ಟು ಲೋಡ್, ಎಷ್ಟು ಕೋಣೆ ಸೋರುತ್ತಿದೆ, ಯಾವ ಕಡೆಗೆ ಹರಿಯುತ್ತಿದೆ. ಮಾಲೀಕರ ಅನುಮತಿ ಕೇಳುವ ಅಗತ್ಯವಿಲ್ಲ ಎಂಬ ಸಾಲಿನ ಕೆಳಗೆ ಅವರೇ ಸಹಿ ಹಾಕಿದ್ದಾರೆ. ರೈತರ ಅರ್ಜಿಗಳು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಣೆಯಲ್ಲಿವೆ. ನಾಲೆಯ ಪಕ್ಕದ ಎರಡು ಕೊಳವೆಬಾವಿಗಳ ನೀರನ್ನು ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಲಿದ್ದಾರೆ.